ಯಾವ ನೀಲಿ

ಥೆಲ್ಮಾ ಪಾಸ್ಕೋ ಮನೆಯ ಫ್ರೀಜರಿನಲ್ಲಿ
ಬಟಾಣಿ ಚೀಲದ ಹಿಂದೆ, ಬ್ರೆಡ್ಡಿನ ಮಗ್ಗುಲಿಗೆ
ಒಂದು ಮಿಂಚುಳ್ಳಿ ಮಲಗಿದೆ.
ಶಾಲೆಯ ಕಿಟಕಿಗೆ ಬಡಿದು ಸತ್ತದ್ದು;
ಅಂಚೆಯ ಹುಡುಗ ತಂದುಕೊಟ್ಟ,
ಟೋಪಿಯೊಳಗಿಟ್ಟು, ಬಿಸಿ ರೊಟ್ಟಿ ತಂದ ಹಾಗೆ.

ಸಂಜೆ ಆರಕ್ಕೆ ಅವಳ ಕಣ್ಣಿಗೆ ಹನಿ ಬಿಡುವವಳು ನಾನು.
ಎಚೂಕಾದಲ್ಲಿ ಆರಕ್ಕೂ ಬಿಸಿಲು ಇಳಿದಿರುವುದಿಲ್ಲ;
ಮರ್ರೆ ಹೊಳೆಯ ದಂಡೆ ಮರಗಳಲ್ಲಿ
ಕಾಕಟೂಗಳ ಜಗಳ,
ಬೀದಿ ನಲ್ಲಿಯ ಮುಂದೆ ಕೊಡಗಳು ತಾಗಿದಂತೆ.

'ಅಲ್ಲಾಡಬೇಡಿ' ಅಂದರೆ, ಹನಿ ಕೆನ್ನೆಗಿಳಿಯುವಂತೆ ತಿರುಗಿ
'ಇದು ಯಾವ ನೀಲಿ, ಹೇಳು' ಅನ್ನುತ್ತಾಳೆ.
ತಟ್ಟೆಯ ತುಂಬ ಕಲಸಿದ ಬಣ್ಣ. ಒಂದೂ ಅದಲ್ಲ.
ಐವತ್ತು ವರ್ಷ ಬಾತು, ಬಕ, ಗಿಡುಗ ಬರೆದ ಬೆರಳು
ಈ ಅಂಗೈಯಗಲದ ಬೆನ್ನಿನ ಮುಂದೆ ತಡವರಿಸುತ್ತದೆ.

'ಆ ಗರಿಯಲ್ಲಿ ನೀಲಿಯೇ ಇಲ್ಲ, ಗೊತ್ತಾ?
ಅರೆದರೆ ಬರೀ ಕಂದು ಪುಡಿ.
ಬೆಳಕು ಬಂದು ಮಾಡುವ ಕಿತಾಪತಿ ಅದು.'
ಅರೆದು ನೋಡಿದ್ದೀರಾ ಎಂದು ನಾನು ಕೇಳಲಿಲ್ಲ.

ನವಿಲುಗತ್ತು ಅಂದೆ. ಅಲ್ಲ ಅಂದಳು.
ಶಾಯಿ? ಅಲ್ಲ.
ಕೊನೆಗೆ ಬಾಯಿಗೆ ಬಂದದ್ದು
ಅಪ್ಪನ ಪಂಚೆಗೆಂದು ಅಮ್ಮ ಬಕೆಟ್ಟಿಗೆ ಬಿಟ್ಟ ನೀಲಿ,
ಕೈಯಾಡಿಸುವ ಮುಂಚೆ
ನೀರೊಳಗೆ ತಾನೇ ಬಿಚ್ಚಿಕೊಳ್ಳುತ್ತಿದ್ದದ್ದು.

ಥೆಲ್ಮಾ ಸುಮ್ಮನಾದಳು.
ಕುಂಚ ಕೆಳಗಿಟ್ಟು, ಲೋಟ ಎತ್ತಿ
ಇದ್ದ ನೀರನ್ನೆಲ್ಲ ಹಾಳೆಯ ಮೇಲೆ ಹೊಯ್ದಳು.
ಮೇಜು, ನೆಲ, ನನ್ನ ಕಾಲುಚೀಲ ಒದ್ದೆ.
ಆಮೇಲೆ ಒಂದೇ ತೊಟ್ಟು.

ಇನ್ನೊಂದು ಕಣ್ಣಿಗೆ ಹನಿ ಬಿಡುವುದು
ಇಬ್ಬರಿಗೂ ಮರೆತೇ ಹೋಯಿತು.