ಹಳದಿ ಬುಧವಾರ

ಸಾಲಿ ಬೋರ್ಡಿನ ಮ್ಯಾಲೆ ಬರೆದದ್ದು
ಯಾರ ಮನಿಗೂ ಮುಟ್ಟೂದಿಲ್ಲ.
ಡೈರಿಗೆ ಅಂಟಿಸಿದ ಚೀಟಿ
ಹೆಗ್ಗೇರಿ ದಾಟೂದ್ರಾಗ ರಾಕೆಟ್ ಆಗಿ ಹಾರಿರತೈತಿ.
ಮೊಬೈಲಿಗೆ ಬಂದದ್ದು ಗಂಡನ ಕಿಸೇದಾಗ ಕುಂತು
ಗ್ಯಾರೇಜಿಗೆ ಹೋಗಿರತೈತಿ.
ಅದಕ್ಕ ಬಾಗಿಲಾಗ ನಿಂತು, ಹಿಟ್ಟಿನ ಕೈ ಹಂಗ ಹಿಡಕೊಂಡು,
ನನ್ನ ಕೇಳ್ತಾರ:
ನಾಳಿ ಏನೈತ್ರಿ, ದಾವಲಸಾಬ?

ಹೇಳ್ತೀನಿ.
ಸೋಮವಾರ ಬೂಟಿನ ಅಳತಿ.
ಹುಳದ ಗುಳಿಗಿ ಕೊಡ್ತಾರ, ಬರಿಹೊಟ್ಟಿಲೆ ಕಳಸಬ್ಯಾಡ್ರಿ.
ಎರಡನೇತ್ತಾದವ್ರಿಗೆ ಒಂದು ಎಲಿ ಬೇಕಂತ, ಯಾವುದಾದ್ರೂ ನಡೀತೈತಿ,
ಬೇವಿಂದು ಬ್ಯಾಡ, ಬೇವಿಂದು ಎಲ್ಲಾರೂ ತರ್ತಾರ.
ಫೋಟೋದ ದಿನ ತಲಿಗೆ ಎಣ್ಣಿ ಬ್ಯಾಡ, ಹೊಳಿತೈತಂತ.
ಶನಿವಾರ ಪಾಲಕರ ಸಭೆ, ಹತ್ತಕ್ಕ ಅಂದ್ರ ಹತ್ತಕ್ಕ,
ಅಂದ್ರ ಹನ್ನೊಂದಕ್ಕ ಬರ್ರಿ.
ಮತ್ತ, ಯಾರದೋ ಡಬ್ಬಿ ಮುಚ್ಚಳ ಸಿಕ್ಕೈತಿ, ಕೆಂಪಂದು.
ಮೀಟರಿನ ಮಗ್ಗಲ ತಿಂಗಳಿಂದ ಗಡಗಡ ಅಂತೈತಿ.
ಯಾರೂ ತಮ್ಮದು ಅನ್ನವಲ್ಲರು.

ಒಮ್ಮೆ ತಪ್ಪಿದೆ.
ಗೇಟಿನ್ಯಾಗ ಬಾಯಾರು ಹೇಳಿದ್ದು ಗುರುವಾರ.
ಫ್ಲೈಓವರಿನ ಕಂಬ ಕೊರಿಯೋ ಮಶಿನ್ನು ನನ್ನ ಕಿವ್ಯಾಗ
ಅದನ್ನ ಬುಧವಾರ ಮಾಡಿತು.
ಹನ್ನೊಂದು ಬಾಗಿಲಿಗೆ ಹೇಳಿಕೊಂತ ಬಂದೆ:
ನಾಳಿ ಹಳದಿ ಅರಿವಿ. ಮರೀಬ್ಯಾಡ್ರಿ.

ಮೆಹರವಾಡೆಯವರ ಅವಳಿಗಳಿಗೆ ಅವರವ್ವ ರಾತ್ರಿ
ಒಂದು ದುಪಟ್ಟಾ ಕತ್ತರಿಸಿ ಎರಡು ಅಂಗಿ ಮಾಡಿದಳು.
ಗುರುಸಿದ್ಧವ್ವ ಮೊಮ್ಮಗನ ಬಿಳಿ ಅಂಗಿ
ಅರಿಷಿಣದ ನೀರಾಗ ಅದ್ದಿ, ಒಲಿ ಮುಂದ ಒಣಗಿಸಿದಳು.
ಬುಧವಾರ ಗೇಟಿನ ಮುಂದ ನನ್ನ ಆಟೋ
ಹನ್ನೊಂದು ಹಳದಿ ಹುಡುಗೂರನ್ನ ಇಳಿಸಿತು,
ಗಿರ್ಮಿಟ್ಟಿನ ಮ್ಯಾಲೆ ಸೇವು ಉದುರಿಸಿದಂಗ.
ಒಳಗ ನೋಡಿದ್ರ ಎಲ್ಲಾ ನೀಲಿ.

ನಗಿ ಸುರುವಾತು.
ಅಫ್ರಾ, ಎಲ್ಲಾರಕ್ಕಿಂತ ಸಣ್ಣಾಕಿ, ಇಳಿಯವಲ್ಲಳು,
ನನ್ನ ಸೀಟಿನ ಸರಳು ಹಿಡಕೊಂಡು ಕುಂತಳು.
ಮನಿಗೆ ಹೋಗೂಣು ಕಾಕಾ, ಅಂದಳು.
ನನ್ನ ಬಾಯಾಗ ಉಗುಳಿಲ್ಲ.

ದೊಡ್ಡ ಬಾಯಾರು ಬಂದರು. ಚಸ್ಮಾ ಏರಿಸಿದರು.
ನನ್ನ ನೋಡಿದರು, ಅಷ್ಟ ಸಾಕಿತ್ತು.
ಆಮ್ಯಾಲೆ ಹುಡುಗೂರನ್ನ ಕೈ ಹಿಡಿದು ಕರಕೊಂಡು
ಪ್ರಾರ್ಥನಾದ ಕಟ್ಟಿ ಮ್ಯಾಲೆ ಸಾಲಾಗಿ ನಿಂದರಿಸಿ,
'ಎಲ್ಲಾರೂ ನೋಡ್ರಿ,
ನಾಳಿ ಹಿಂಗ ಬರಬೇಕು' ಅಂದರು.
ಬೋರ್ಡು ಬರಿಯೋದು ಆವತ್ತು ಬೇಕಾಗಲೇ ಇಲ್ಲ.
ಅಫ್ರಾ ನಡುವ ನಿಂತಿದ್ದಳು, ಎದಿ ಉಬ್ಬಿಸಿ.

ಗುರುವಾರ ಇಡೀ ಸಾಲಿ ಹಳದಿ.
ನನ್ನ ಹನ್ನೊಂದು ಮಂದಿ ನೀಲಿ.
ಒಗದು ಹಾಕೀವ್ರಿ, ಒಣಗಿಲ್ಲ, ಅಂದರು ಅವ್ವಗೋಳು,
ಬೈಲಿಲ್ಲ ಯಾರೂ.
ಗುರುಸಿದ್ಧವ್ವನ ಮೊಮ್ಮಗ ಒಬ್ಬನ ಕೆಂಪು:
ಅರಿಷಿಣಕ್ಕ ಸೋಪು ಹತ್ತಿದ್ರ ಏನಾಗತೈತಿ
ಅನ್ನೂದು ಆಕಿಗೂ ನೆನಪಿರಲಿಲ್ಲ.

ಆವತ್ತಿಂದ ಎರಡೆರಡು ಸಲ ಕೇಳ್ತೀನಿ.
ಬುಧ ಏನ್ರಿ, ಗುರು ಏನ್ರಿ.
ಬಾಯಾರು ಬೆರಳು ಎಣಿಸಿ ತೋರಸ್ತಾರ.

ನನ್ನ ಮುಬೀನಾ ಬ್ಯಾರೆ ಸಾಲಿಗೆ ನಡಕೊಂಡು ಹೋಗ್ತಾಳ,
ಗಣೇಶಪೇಟ ಕಡೆ, ಉರ್ದು ಸಾಲಿಗೆ.
ನಾ ಹೊಂಡೂ ಹೊತ್ತಿಗೆ ಮಲಗಿರತಾಳ.
ಮೊನ್ನೆ ಸಂಜೀಮುಂದ ಗಾಡಿ ಒರಸಿಕೊಂತ ಕೇಳಿದೆ:
ನಿಮ್ಮ ಸಾಲ್ಯಾಗ ಪಾಲಕರ ಸಭೆ ಯಾವಾಗ?
ನಿನ್ನೆ ಆತಲ್ಲ ಅಬ್ಬಾ, ಅಂದಳು. ಅಮ್ಮಿ ಬಂದಿದ್ದಳು.
ಆಕಿಗೆ ಯಾರು ಹೇಳಿದ್ರು?
ಅದ ಆ ಆಟೋ ಕಾಕಾ, ಬಿಳಿ ಮೀಸೀದಾಂವ.
ನಾವು ಅವನ ಗಾಡ್ಯಾಗ ಹೋಗೂದಿಲ್ಲಲ್ಲ ಬೇಟಾ?
ಇಲ್ಲ. ಆದ್ರೂ ಓಣ್ಯಾಗ ನಿಂತು
ಎಲ್ಲಾರಿಗೂ ಕೇಳಂಗ ಹೇಳ್ತಾನ.

ಒದ್ದಿ ಅರಿವಿ ಹಿಂಡಿದೆ.
ಆಕಿ ಮೀಟರಿನ ಮಗ್ಗಲದ ಮುಚ್ಚಳ ತಗೊಂಡು
ತನ್ನ ಡಬ್ಬಿಗೆ ಹಚ್ಚಿ ನೋಡಿದಳು.
ಕೂಡಲಿಲ್ಲ. ಅಲ್ಲೇ ಇಟ್ಟಳು.