ಹದಿನಾಲ್ಕನೆಯ ಪ್ರಶ್ನೆ

ಗಡಿಯ ಆಚೆಗೂ ಕ್ವಾಚಾ, ಈಚೆಗೂ ಕ್ವಾಚಾ.
ಬೆಳಗಾಯಿತು ಎಂದು ಆ ದುಡ್ಡಿನ ಹೆಸರಿಗೆ ಅರ್ಥ.
ಮಲಾವಿಯದೊಂದು ಬೆಳಗು, ಜಾಂಬಿಯಾದ್ದೊಂದು ಬೆಳಗು,
ನಡುವೆ ಕೆಂಪುಬಿಳಿ ಬಳಿದ ಅಡ್ಡಗಂಬ,
ಅದನ್ನು ಎತ್ತಲು ಇಳಿಸಲು ಒಬ್ಬ ಆಸಾಮಿ.
ಒಂದು ಬೆಳಗನ್ನು ಕೊಟ್ಟು ಇನ್ನೊಂದನ್ನು ಕೊಳ್ಳುವಷ್ಟರಲ್ಲಿ
ಸಂಜೆಯಾಗಿಬಿಡುತ್ತದೆ.

ನಾನು ಅಲ್ಲಿ ಜಕರಂದಾ ಮರದ ಬುಡದಲ್ಲಿ
ಮಡಚುಕುರ್ಚಿ ಹಾಕಿ ಕೂತವಳು.
ಕೊರಳಲ್ಲಿ ಸಂಶೋಧನಾ ಸಂಸ್ಥೆಯ ಗುರುತುಚೀಟಿ,
ತೊಡೆಯ ಮೇಲೆ ನಲವತ್ತೊಂದು ಪ್ರಶ್ನೆಗಳ ಕಟ್ಟು.
ದಿನಕ್ಕೆ ಹನ್ನೆರಡು ಮಂದಿ ಸಿಕ್ಕರೆ ಭತ್ಯೆ ಪೂರ್ತಿ,
ಹನ್ನೊಂದಾದರೆ ಇಲ್ಲ.
ಬಡತನದ ಲೆಕ್ಕ ಬರೆಯುವವಳಿಗೂ
ಬಾಡಿಗೆ ಕಟ್ಟುವುದಿರುತ್ತದೆ.

ಎಲೂಬೆ ಆ ದಿನದ ಒಂಬತ್ತನೆಯವಳು.
ತಲೆಯ ಮೇಲೆ ಕುಕ್ಕೆ ತುಂಬ ಉಸಿಪಾ,
ಸರೋವರದ ಒಣಮೀನು, ಬೆರಳುದ್ದ, ಬೆಳ್ಳಿಬಣ್ಣ;
ಬೆನ್ನಿಗೆ ಕಟ್ಟಿದ ಕೂಸಿನ ಬಾಯಲ್ಲೂ ಒಂದು ಬಾಲ.

ಎಷ್ಟು ಓದಿದ್ದೀರಿ? ಬರೆದೆ.
ಮನೆಗೆ ತಗಡೋ ಹುಲ್ಲೋ? ಹುಲ್ಲು, ಬರೆದೆ.
ನಿನ್ನೆ ಎಷ್ಟು ಹೊತ್ತಿನ ಊಟ?
"ಜನವರಿಯಲ್ಲಿ ಕೇಳು, ಆಗ ಉತ್ತರ ಬೇರೆ."
ಹೀಗೆ ಹದಿನಾಲ್ಕನೆಯದಕ್ಕೆ ಬಂದೆವು:
ಗಡಿ ದಾಟಲು ನಿಮಗೆ ತಗಲುವ ಖರ್ಚೆಷ್ಟು?

ಅವಳು ಕುಕ್ಕೆ ಇಳಿಸಿದಳು.
"ಬೆಳಿಗ್ಗೆ ಆರಕ್ಕೆ ತೂಗಿದಾಗ ಹದಿನೆಂಟು ಕಿಲೊ.
ಕಾಗದಕ್ಕೆ ಒಂದು ಕಿಟಕಿ, ಕಾಗದದ ಮೊಹರಿಗೆ ಇನ್ನೊಂದು,
ಮೊಹರು ಒತ್ತುವವನು ಊಟಕ್ಕೆ ಹೋದವನು ಹೋದವನೇ.
ನಾಲ್ಕಕ್ಕೆ ತೂಗಿದರೆ ಹದಿನೇಳು.
ಬಿಸಿಲು ಹೀರಿದ್ದೆಷ್ಟು, ನೊಣ ತಿಂದದ್ದೆಷ್ಟು,
ಈ ಕೂಸು ಚೀಪಿದ್ದೆಷ್ಟು,
ಸಮವಸ್ತ್ರದವರು ರುಚಿ ನೋಡಿದ್ದೆಷ್ಟು,
ನೀನೇ ಓದಿದವಳು, ಭಾಗ ಮಾಡು.
ಕಾಯುವುದಕ್ಕೆ ಬೆಲೆ ಇಲ್ಲ ಮಗಳೇ, ತೂಕ ಇದೆ."

ನನ್ನ ಹಾಳೆಯಲ್ಲಿದ್ದದ್ದು ಮೂರು ಚೌಕ, ಅಂಕಿಗೆ ಮಾತ್ರ.
ಅಂಚಿನಲ್ಲಿ ಸಣ್ಣಗೆ ಬರೆದೆ: ಒಂದು ಕಿಲೊ, ಕಾದದ್ದಕ್ಕೆ.
ತರಬೇತಿಯಲ್ಲಿ ಹೇಳಿದ್ದರು,
ಅಂಚಿನಲ್ಲಿ ಏನೂ ಬರೆಯಕೂಡದು.

ಲಿಲೊಂಗ್ವೆಯ ಕಚೇರಿಯಲ್ಲಿ ಚಿಕೋಸಾ ಮೇಡಂ
ಅಂಚುಗಳನ್ನೇ ಮೊದಲು ಓದುವ ಹೆಂಗಸು ಎಂದು
ನನಗೆ ಗೊತ್ತಿರಲಿಲ್ಲ.
ಕರೆಸಿದರು. ಬೈಗುಳಕ್ಕೆ ತಯಾರಾಗಿ ನಿಂತಿದ್ದೆ.
ಮಾರನೆಯ ವಾರ ನಮ್ಮೆಲ್ಲರ ಕೈಗೂ ಒಂದೊಂದು ತಕ್ಕಡಿ.
ಮುಂಜಾನೆ ತೂಗಿದೆವು, ಸಂಜೆ ತೂಗಿದೆವು,
ಆರುನೂರ ಹದಿನೇಳು ಕುಕ್ಕೆ.
ಸ್ನಾನ ಮಾಡಿದರೂ ಕೈಯ ವಾಸನೆ ಹೋಗದ ಎರಡು ತಿಂಗಳು.

ಮಂತ್ರಿಗಳ ಸಭೆಯಲ್ಲಿ ಅದು ಬರೀ ಒಂದು ನೀಲಿ ಗೆರೆ,
ಎಡದಿಂದ ಬಲಕ್ಕೆ ಮೆಲ್ಲಗೆ ಇಳಿಯುವ ಗೆರೆ.
"ಇದು ಸುಂಕವಲ್ಲ, ಯಾವ ಖಜಾನೆಗೂ ಸೇರುವುದಿಲ್ಲ," ಎಂದರು ಮೇಡಂ,
"ಎರಡು ದೇಶಕ್ಕೂ ಸಿಗದ ಮೀನು."
ಯಾರೋ ಅಡ್ಡಗೋಡೆಯ ಮೇಲೆ ದೀಪವಿಟ್ಟರು, ಯಾರೋ ಆಕಳಿಸಿದರು.
ಹಿಂದಿನ ಸಾಲಿನ ಒಬ್ಬ ಕಾರ್ಯದರ್ಶಿ,
ಅವನಜ್ಜಿ ಮೀನು ಮಾರುತ್ತಿದ್ದಳೋ ಏನೋ,
ಬರೆದುಕೊಂಡ.

ಎರಡು ಮಳೆಗಾಲ ಕಳೆದು ಗಡಿಗೆ ಒಂದು ಕಿಟಕಿ ಬಂತು.
ಒಂದೇ ಕಿಟಕಿ, ಒಂದೇ ಹಾಳೆ, ಚಿಚೆವಾ ನುಡಿಯಲ್ಲಿ,
ಸಣ್ಣ ಹೊರೆಯವರಿಗೆಂದೇ.

ಎರಡನೆಯ ಸುತ್ತಿನ ಕಟ್ಟು ಹಿಡಿದು ಅದೇ ಮರದಡಿ ಕೂತೆ.
ಎಲೂಬೆ ಬಂದಳು, ಹತ್ತು ಗಂಟೆಗೇ ಕಾಗದ ಮುಗಿಸಿ.
ಹಾಡಿ ಹೊಗಳುತ್ತಾಳೆಂದು ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.
"ಕಿಟಕಿ ಒಳ್ಳೆಯದೇ," ಎಂದಳು,
"ಈಗ ಎಲ್ಲರೂ ಬರುತ್ತಾರೆ. ಚಿಪಾಟಾದ ಸಂತೆಯಲ್ಲಿ ಮೀನಿನ ಬೆಲೆ ಬಿದ್ದಿದೆ.
ಅದಕ್ಕೆ ನಿನ್ನ ಕಾಗದದಲ್ಲಿ ಒಂದು ಚೌಕ ಉಂಟೋ?"
ಹುಡುಕಿದೆ. ಇತ್ತು, ಇಪ್ಪತ್ತೆಂಟನೆಯದು.
ಅವಳ ಮುಖ ಒಂದಿಷ್ಟು ಸಡಿಲಾಯಿತು.

ಮನೆಗೆ ತಗಡೋ ಹುಲ್ಲೋ?
"ಅರ್ಧ ತಗಡು."
ಅರ್ಧಕ್ಕೆ ಸಂಕೇತವಿಲ್ಲ, ಎಂದೆ.
"ಹಾಗಾದರೆ ಮಳೆ ಹೊಡೆಯುವಾಗ ಬಾ,
ಯಾವ ಮೂಲೆಗೆ ಮಕ್ಕಳನ್ನು ಮಲಗಿಸುತ್ತೇನೆ ನೋಡಿ
ಬರಕೋ."

ಪೆನ್ನನ್ನು ಅಂಚಿಗೆ ಸರಿಸಿದೆ.