ಚಾವಿ

ಜತ್ತದಾಗ ಮೂವತ್ತೊಂದು ವರ್ಷ ನೀರು ಬಿಟ್ಟಾಂವ ನಾನು.
ಹೆಗಲ ಮ್ಯಾಲ ಆಳೆತ್ತರದ ಕಬ್ಬಿಣದ ಚಾವಿ,
ಕಿಸೆದಾಗ ಓಣಿಗಳ ಪಾಳಿ ಬರದ ಚೀಟಿ.
ಸೋಮವಾರ ಮ್ಯಾಲಿನ ಗಲ್ಲಿ, ಶುಕ್ರವಾರ ಕೆಳಗಿನ ಗಲ್ಲಿ,
ನಡುವ ಯಾರು ಕೂಗಿದರೂ ನಾ ಕಿವುಡ.

ಬಿಡೂದು ಸುಲಭ. ಬಂದ್ ಮಾಡೂದು ವಿದ್ಯಾ.
ಕೊನೇ ಅರ್ಧ ಸುತ್ತು ಹಗೂರಕ ತಿರುವಬೇಕು,
ಇಲ್ಲಾಂದ್ರ ನೆಲದೊಳಗ ಪೈಪು
ಎದಿ ಎದಿ ಬಡಕೋತೈತಿ.

ಹೌಸವ್ವ ಒಮ್ಮೆ ಅರ್ಧಾ ತುಂಬಿದ ಕೊಡ ಎತ್ತಿ ತೋರಿಸಿ
ಓಣಿಗೆಲ್ಲ ಕೇಳೂವಂಗ ಅಂದಿದ್ದಳು:
"ನಮ್ಮ ನೀರ ನಿಲ್ಲಸ್ತೀ ಅಮಸಿದ್ಧ,
ನಿನ್ನವು ನಿಲ್ಲದಂಗಾಗಲಿ."
ಓಣಿ ನಕ್ಕಿತು. ನಾನೂ ನಕ್ಕೆ.

ಅರವತ್ತೆರಡಕ್ಕ ಮಿರಜದಾಗ ಗಂಟು ತಗದರು,
ಹುಣಸಿಬೀಜದಷ್ಟು ಕ್ಯಾನ್ಸರು ಅದರಾಗ.
ಜೀವ ಉಳೀತು, ತಡಿ ಉಳೀಲಿಲ್ಲ.
ಕೆಮ್ಮಿದರ ಹನಿ, ಎದ್ದರ ಹನಿ,
ಮೊಮ್ಮಗಳನ್ನ ಎತ್ತಿದರ ಧಾರಿ.
ಆಕಿ ಕೆಳಗಿಳದು, "ಅಜ್ಜಾ, ನಾ ಅಲ್ಲ" ಅಂತ
ತನ್ನ ಫ್ರಾಕು ಮುಟ್ಟಿ ಮುಟ್ಟಿ ನೋಡಿಕೊಂಡಳು.

ಬಿಳಿ ಪಾಯಿಜಾಮಾ ಟ್ರಂಕಿಗೆ ಹೋದವು.
ಕಂದು ಪ್ಯಾಂಟು ಬಂತು, ಉದ್ದನ ಅಂಗಿ ಬಂತು.
ಜಕ್ಕವ್ವ ಸೊಲ್ಲಾಪುರ ಟಾವೆಲ್ಲು ನಾಕು ಮಡಿಕಿ ಹೊಲದು
ಗಾದಿ ಮ್ಯಾಲ ಹಾಸಿದಳು, ಏನೂ ಅನಲಿಲ್ಲ.
ಡೈಪರು ತರಾಕ ಕವಠೆ ಮಹಾಂಕಾಳಕ್ಕ ಹೋಗತಿದ್ದೆ.
ಅಂಗಡಿಯಂವ ಮರಾಠಿಯೊಳಗ ಕೇಳಿದ, ಯಾರಿಗೆ?
ನಮ್ಮಪ್ಪಗ, ಅಂದೆ.
ಅಪ್ಪ ಸತ್ತು ಹತ್ತೊಂಬತ್ತು ವರ್ಷ;
ಕೊನೇ ದಿನದ ತನಕ ಗ್ವಾಡಿಗೆ ನಿಂತು ಹೊಯ್ದ ಗಂಡಸು.
ಕ್ಷಮಾ ಮಾಡಲಿ.

ವರ್ಷ ಕಾಯರಿ ಅಂದರು, ಕಾಯ್ದೆ.
ಬಿಗಿಹಿಡದು ಬಿಡೂ ವ್ಯಾಯಾಮ, ಬಸ್ಸಿನಾಗ, ಭಜನಿಯಾಗ,
ತಾಳ ತಪ್ಪದಂಗ.
ಆಮ್ಯಾಲ ಡಾಕ್ಟರ ಮಗದುಮ್ಮ ಚಿತ್ರ ಬರದರು:
ಮೂತ್ರನಳಿಗಿ ಸುತ್ತ ಒಂದು ಪಟ್ಟಿ,
ಹೊಟ್ಟಿಯೊಳಗ ಉಪ್ಪುನೀರಿನ ಪುಗ್ಗಾ,
ಕೆಳಗ, ಬೀಜದ ಮಗ್ಗಲಕ, ಬೆರಳಷ್ಟು ಪಂಪು.
ಒತ್ತಿದರ ಪಟ್ಟಿ ಸಡಲತೈತಿ,
ಎರಡು ಮೂರು ಮಿನೀಟಿಗೆ ತಾನ ಬಿಗೀತೈತಿ.
ನಾನು ಕಾಗದ ತಿರುವಿ ನೋಡಿ
"ಟಾಕಿ, ಲೈನು, ವಾಲು" ಅಂದೆ.
ಮಗದುಮ್ಮ ಪೆನ್ನಿಗೆ ಟೊಪ್ಪಿಗಿ ಹಾಕಿದರು.
"ನಿಮಗ ಹೇಳೂದೇನೈತಿ?"

ಗ್ರ್ಯಾಚುಟಿ ಹೋತು, ಜಕ್ಕವ್ವನ ಪಾಟ್ಲಿ ಹೋದವು.
"ಇಷ್ಟು ರೊಕ್ಕಕ್ಕ ಒಂದು ಬೋರ್ ಬರತಿತ್ತು" ಅಂದೆ.
"ಎರಡು" ಅಂದಳು.

ಕೂಡಿಸಿದ ಮ್ಯಾಲೂ ಆರು ವಾರ ಚಾಲೂ ಮಾಡಲಿಲ್ಲ,
ಗಾಯ ಮಾಯಲಿ ಅಂತ.
ಉದ್ಘಾಟನಿಗೆ ಮಂತ್ರಿಯ ದಾರಿ ಕಾಯೂ ಹೊಸ ಲೈನಿನಂಗ
ಒಳಗ ಸುಮ್ಮನ ಬಿದ್ದಿತ್ತು ಅದು.

ಆ ದಿವಸ ಆಸ್ಪತ್ರಿ ಪಾಯಖಾನಿಯಾಗ ನಾನೊಬ್ಬನ.
ಎರಡು ಬೆರಳಿಲೆ ಹುಡುಕಿ ಒತ್ತಿದೆ.
ಆಳೆತ್ತರದ ಚಾವಿ ತಿರುವಿದ ಕೈಗೆ
ಇಷ್ಟು ಸಣ್ಣದು, ಇಷ್ಟು ಮೆತ್ತಗಿಂದು.
ಬಂತು, ನಾ ಕರದಾಗ.
ಮುಗದ ಮ್ಯಾಲೂ ನಿಂತೆ, ಎಣಿಸಿಕೋತ,
ಕೊನೇ ಅರ್ಧ ಸುತ್ತಿಗೆ ಕಿವಿಗೊಟ್ಟು.
ಸದ್ದಿಲ್ಲ.
ಯಾರೋ ಕೆಲಸ ಬಲ್ಲಾಂವ ಮಾಡ್ಯಾನ.

ಕೆಮ್ಮಿದೆ. ಇನ್ನೊಮ್ಮೆ ಕೆಮ್ಮಿದೆ.
ಹೊರಗಿಂದ ಜಕ್ಕವ್ವ, ಓಣಿ ಹೆಂಗಸರ ಅದ ಧಾಟಿಲೆ,
"ಬಿಟ್ಟೀ ಏನ?"
"ಬಂದೂ ಆತು" ಅಂದೆ.

ಪೂರಾ ಒಣ ಅಂತ ಅನ್ನಂಗಿಲ್ಲ.
ಜೋರ ಸೀನಿದರ ಒಂದು ಹನಿ. ಇರಲಿ,
ಯಾವ ವಾಲು ಪೂರಾ ಬಂದ್ ಆಗತೈತಿ?

ಮೊನ್ನೆ ಶುಕ್ರವಾರ ಬಿಳಿ ಪಾಯಿಜಾಮಾ ಹಾಕ್ಕೊಂಡು
ಕೆಳಗಿನ ಗಲ್ಲಿಗೆ ಹೋದೆ.
ಹೌಸವ್ವ ನಳದ ಮುಂದ, ಮುಪ್ಪಾಗಿ, ಸೊಂಟ ಬಾಗಿ.
"ಈಗಿನ ಹುಡುಗನೂ ನಿನ್ನಂಗ, ನಡುವ ನಿಲ್ಲಸ್ತಾನ" ಅಂದಳು.
ತೋರಸೂ ಜಾಗಾ ಆಗಿದ್ದರ ತೋರಸತಿದ್ದೆ ಆಕಿಗೆ.
"ಕೊಡಕ್ಕ ಕೈ ಹಚ್ಚು" ಅಂದಳು.
ಹಚ್ಚಿದೆ. ಕುಂತು, ಉಸಿರು ಹಿಡದು, ತುಂಬಿದ ಕೊಡ
ಒಂದ ಎತ್ತಿಗೆ ಆಕಿ ತಲಿ ಮ್ಯಾಲ ಇಟ್ಟೆ.
ಅದು ತುಳುಕಿ ನನ್ನ ಪಾಯಿಜಾಮಾ ತೊಯ್ತು.
ತೊಯ್ಯಲಿ.
ಅದು ನಳದ ನೀರು.